ಕಿಡಿಯಿಂದ ಅಖಂಡ ಅಲೆಗೆ: ರೆಜಿನಾಲ್ಡ್ ಫೆಸೆಂಡೆನ್ (1866–1932)

ಅಮೆರಿಕ, ಬ್ರಿಟನ್, ಜರ್ಮನಿಗಳಲ್ಲಿ ನೆಲೆಸಿರುವ ಕನ್ನಡಿಗರ ಮನೆಗಳಲ್ಲಿ ತನ್ನಷ್ಟಕ್ಕೆ ತಾನೇ ಸಮಯವನ್ನು ತಿದ್ದಿಕೊಳ್ಳುವ ಗೋಡೆ ಗಡಿಯಾರ ಈಗ ಅಪರೂಪದ ವಸ್ತುವಲ್ಲ. ಅದರೊಳಗೆ ಒಂದು ಪುಟ್ಟ ರೇಡಿಯೊ ಗ್ರಾಹಕವಿರುತ್ತದೆ. ಅಮೆರಿಕದ ಕೊಲರಾಡೊ ಮತ್ತು ಇಂಗ್ಲೆಂಡಿನ ಆಂಥೋರ್ನ್‌ನಿಂದ 60 ಕಿಲೋಹರ್ಟ್ಸ್‌ನಲ್ಲಿ, ಜರ್ಮನಿಯ ಮೈನ್‌ಫ್ಲಿಂಗೆನ್‌ನಿಂದ 77.5 ಕಿಲೋಹರ್ಟ್ಸ್‌ನಲ್ಲಿ ಹೊರಡುವ ಸಮಯಸೂಚಿ ಅಲೆಗಳನ್ನು ಅದು ಹಿಡಿಯುತ್ತದೆ. ಇದೇ ನೆರೆಯಲ್ಲಿ, 136 ಕಿಲೋಹರ್ಟ್ಸ್‌ನ ಸುತ್ತಮುತ್ತ, ಹವ್ಯಾಸಿ ರೇಡಿಯೊದವರಿಗೆಂದು ಬಿಟ್ಟಿರುವ ಕಿರಿದಾದ ಪಟ್ಟಿಯೊಂದಿದೆ. ಅಲ್ಲಿ ಪರವಾನಗಿ ಪಡೆದ ಹ್ಯಾಮ್‌ಗಳು ಮನೆಯ ಹಿತ್ತಲಿನಲ್ಲಿ ಕೈಯಾರೆ ಕಟ್ಟಿದ ಆಂಟೆನಾಗಳಿಂದ ಸಾಗರಗಳಾಚೆಗೆ ಸಂಕೇತ ಕಳುಹಿಸುವ ಸಾಹಸ ಮಾಡುತ್ತಾರೆ. ಇಂದು ಜನಸಂಚಾರ ವಿರಳವಾಗಿರುವ ಈ ಕೆಳ ಆವೃತ್ತಿಯ ಪ್ರದೇಶ 120 ವರ್ಷಗಳ ಹಿಂದೆ ನಿಸ್ತಂತು ಸಂಪರ್ಕದ ಹೆದ್ದಾರಿಯಾಗಿತ್ತು. ಆ ಹೆದ್ದಾರಿಯಲ್ಲಿ ಎಲ್ಲರೂ ಒಂದು ದಿಕ್ಕಿಗೆ ಹೋಗುತ್ತಿದ್ದಾಗ ಇನ್ನೊಂದು ದಿಕ್ಕಿಗೆ ನಡೆದವನು ಕೆನಡ ಸಂಜಾತ ರೆಜಿನಾಲ್ಡ್ ಆಬ್ರಿ ಫೆಸೆಂಡೆನ್. ಅವನು ಹಿಡಿದ ದಾರಿಯೇ ಸರಿಯಾದುದೆಂದು ಕಾಲ ತೀರ್ಮಾನಿಸಿತು. ಆದರೆ ಆ ತೀರ್ಮಾನದ ಫಲ ಅವನ ಕೈಗೆ ಬಂದದ್ದು ತಡವಾಗಿ, ಅದೂ ಅಲ್ಪವಾಗಿ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಫೆಸೆಂಡೆನ್ 1866ರ ಅಕ್ಟೋಬರ್ 6ರಂದು ಕೆನಡದ ಕ್ವಿಬೆಕ್ ಪ್ರಾಂತ್ಯದ ಈಸ್ಟ್ ಬೋಲ್ಟನ್ ಎಂಬಲ್ಲಿ ಜನಿಸಿದ. ತಂದೆ ಎಲೈಶಾ ಫೆಸೆಂಡೆನ್ ಆಂಗ್ಲಿಕನ್ ಪಾದ್ರಿ. ತಾಯಿ ಕ್ಲೆಮೆಂಟಿನಾ ಬರಹಗಾರ್ತಿ. ಕೆನಡದ ಶಾಲೆಗಳಲ್ಲಿ ಎಂಪೈರ್ ಡೇ ಆಚರಣೆಯನ್ನು ನೆಲೆಗೊಳಿಸಿದವರಲ್ಲಿ ಆಕೆಯ ಹೆಸರು ಮುಖ್ಯವಾದುದು. ತಂದೆಯ ವರ್ಗಾವಣೆಗಳೊಂದಿಗೆ ಕುಟುಂಬ ಊರಿಂದೂರಿಗೆ ಅಲೆಯಿತು. ಹುಡುಗ ಒಂಟಾರಿಯೊದ ಪೋರ್ಟ್ ಹೋಪ್‌ನಲ್ಲಿದ್ದ ಟ್ರಿನಿಟಿ ಕಾಲೇಜ್ ಶಾಲೆಯಲ್ಲಿ ಓದಿದ. ಬಳಿಕ ಹದಿಹರೆಯದಲ್ಲಿಯೇ ಕ್ವಿಬೆಕ್‌ನ ಲೆನಾಕ್ಸ್‌ವಿಲ್‌ನಲ್ಲಿ ಬಿಷಪ್ಸ್ ಸಂಸ್ಥೆಯಲ್ಲಿ ಕಿರಿಯರಿಗೆ ಗಣಿತ ಕಲಿಸುತ್ತ ತನ್ನ ಓದನ್ನು ಮುಂದುವರಿಸಿದ. ಪದವಿ ಪಡೆಯಲು ಬೇಕಾದ ಓದು ಬಹುಪಾಲು ಮುಗಿದಿದ್ದರೂ ಪದವಿಯನ್ನು ಪಡೆಯದೆ 18ನೆಯ ವಯಸ್ಸಿನಲ್ಲಿ ಹೊರಬಂದ. ಮುಂದೆ ಎರಡು ವಿಶ್ವವಿದ್ಯಾಲಯಗಳಲ್ಲಿ ಪ್ರಾಧ್ಯಾಪಕನಾದ ಈ ಮನುಷ್ಯನ ಬಳಿ ಯಾವ ಪದವಿಯೂ ಇರಲಿಲ್ಲ.

ಅಲ್ಲಿಂದ ಅವನು ಹೋದದ್ದು ಬರ್ಮುಡಾ ದ್ವೀಪಕ್ಕೆ. ಅಲ್ಲಿಯ ವಿಟ್ನಿ ಇನ್‌ಸ್ಟಿಟ್ಯೂಟ್ ಎಂಬ ಶಾಲೆಯಲ್ಲಿ ಎರಡು ವರ್ಷ ಮುಖ್ಯೋಪಾಧ್ಯಾಯನೂ ಅಧ್ಯಾಪಕನೂ ಎಲ್ಲವೂ ತಾನೇ ಆಗಿದ್ದ. ಹೆಲೆನ್ ಟ್ರಾಟ್‌ಳ ಪರಿಚಯವಾದದ್ದು ಈ ದ್ವೀಪದಲ್ಲಿಯೇ. 1890ರಲ್ಲಿ ಇಬ್ಬರೂ ವಿವಾಹವಾದರು. ಅವನ ಜೀವನದ ಏರಿಳಿತಗಳನ್ನೆಲ್ಲ ಜೊತೆಗಿದ್ದು ಕಂಡವಳು ಆಕೆ. ಅವನ ಮರಣಾನಂತರ ಅವನ ಜೀವನಚರಿತ್ರೆಯನ್ನು ಬರೆದವಳೂ ಆಕೆಯೇ.

ಎಡಿಸನ್ನನ ಪ್ರಯೋಗಶಾಲೆಯಲ್ಲಿ

1886ರಲ್ಲಿ ಫೆಸೆಂಡೆನ್ ನ್ಯೂಯಾರ್ಕಿಗೆ ಬಂದು ಥಾಮಸ್ ಎಡಿಸನ್ನನಲ್ಲಿ ಕೆಲಸ ಕೇಳಿದ. ವಿದ್ಯುತ್ತಿನ ಬಗ್ಗೆ ತನಗೆ ಏನೂ ತಿಳಿಯದು, ಆದರೆ ಬೇಗ ಕಲಿಯಬಲ್ಲೆ ಎಂದು ಒಪ್ಪಿಕೊಂಡೇ ಕೇಳಿದ್ದರಿಂದ ಮೊದಲು ನಿರಾಕರಣೆಯೇ ಸಿಕ್ಕಿತು. ಅವನು ಬಿಡಲಿಲ್ಲ. ನ್ಯೂಯಾರ್ಕಿನ ಬೀದಿಗಳಡಿಯಲ್ಲಿ ವಿದ್ಯುತ್ ಕೇಬಲ್ ಹಾಕುತ್ತಿದ್ದ ತಂಡದಲ್ಲಿ ಪರೀಕ್ಷಕನ ಸಹಾಯಕನಾಗಿ ಸೇರಿಕೊಂಡ. ಕೆಲವೇ ತಿಂಗಳಲ್ಲಿ ಎಡಿಸನ್ನನ ಹೊಸ ಪ್ರಯೋಗಶಾಲೆಗೆ ಕರೆ ಬಂತು. ಅಲ್ಲಿ ರಸಾಯನಶಾಸ್ತ್ರದ ಕೆಲಸಗಾರನಾಗಿ ತಂತಿಗಳಿಗೆ ಸುಲಭವಾಗಿ ಬೆಂಕಿ ಹತ್ತದ ಹೊದಿಕೆ ತಯಾರಿಸುವ ಸಮಸ್ಯೆಯಲ್ಲಿ ತೊಡಗಿದ.

ಆ ಪ್ರಯೋಗಶಾಲೆಯಲ್ಲಿ ಅವನಿಗೆ ದೊರೆತ ಗೆಳೆಯ ಆರ್ಥರ್ ಕೆನೆಲಿ. ಕೆನೆಲಿ ಹುಟ್ಟಿದ್ದು 1861ರಲ್ಲಿ, ಮುಂಬಯಿಯ ಕೊಲಾಬಾದಲ್ಲಿ. ಭೂಮಿಯ ಮೇಲಿನ ವಾತಾವರಣದ ಎತ್ತರದಲ್ಲಿ ರೇಡಿಯೊ ಅಲೆಗಳನ್ನು ಬಾಗಿಸುವ ಪದರವೊಂದಿದೆಯೆಂದು 1902ರಲ್ಲಿ ಸೂಚಿಸಿದ ಇಬ್ಬರಲ್ಲಿ ಒಬ್ಬನೀತ. ಮತ್ತೊಬ್ಬ ಆಲಿವರ್ ಹೆವಿಸೈಡ್. ಫೆಸೆಂಡೆನ್ ತನ್ನ ಮಗನಿಗೆ ಈ ಗೆಳೆಯನ ಹೆಸರನ್ನು ಸೇರಿಸಿ ನಾಮಕರಣ ಮಾಡಿದ.

ಹಣದ ಮುಗ್ಗಟ್ಟಿನಿಂದ 1890ರಲ್ಲಿ ಎಡಿಸನ್ ಹಲವರನ್ನು ಕೆಲಸದಿಂದ ಬಿಡಿಸಿದಾಗ ಫೆಸೆಂಡೆನ್ನನೂ ಹೊರಬಿದ್ದ. 1892ರಲ್ಲಿ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ವಿದ್ಯುತ್ ಇಂಜಿನಿಯರಿಂಗ್ ಪ್ರಾಧ್ಯಾಪಕನಾದ. ಮರುವರ್ಷ ಜಾರ್ಜ್ ವೆಸ್ಟಿಂಗ್‌ಹೌಸ್‌ನ ಆಸಕ್ತಿಯಿಂದ ಪಿಟ್ಸ್‌ಬರ್ಗಿನ ವಿಶ್ವವಿದ್ಯಾಲಯಕ್ಕೆ ಅದೇ ಹುದ್ದೆಗೆ ಬಂದ. ಹೈನ್‌ರಿಕ್ ಹರ್ಟ್ಸ್ ತೋರಿಸಿಕೊಟ್ಟ ವಿದ್ಯುತ್ಕಾಂತ ಅಲೆಗಳ ಮೇಲೆ ಅವನ ಗಮನ ಪೂರ್ತಿಯಾಗಿ ನೆಟ್ಟಿದ್ದು ಇಲ್ಲಿಯೇ.

ಕಿಡಿ ಮತ್ತು ಶ್ರುತಿ

ಆಗಿನ ನಿಸ್ತಂತು ಯಂತ್ರಗಳ ಜೀವಾಳ ವಿದ್ಯುತ್ ಕಿಡಿ. ಎರಡು ಲೋಹದ ಗುಂಡುಗಳ ನಡುವೆ ಕಿಡಿ ಹಾರಿದಾಗ ಆಂಟೆನಾದಲ್ಲಿ ವಿದ್ಯುತ್ತು ಕ್ಷಣಕಾಲ ಓಲಾಡಿ ಅಲೆಯ ಒಂದು ಸಣ್ಣ ಗೊಂಚಲನ್ನು ಹೊರಚೆಲ್ಲಿ ಅಡಗುತ್ತದೆ. ಗಂಟೆಯನ್ನು ಒಮ್ಮೆ ಬಡಿದಂತೆ. ಮಾರ್ಕೋನಿಯ ಯಂತ್ರಗಳೆಲ್ಲ ಹೀಗೆ ಗಂಟೆ ಬಡಿಯುವಂಥವೇ ಆಗಿದ್ದವು. ಮೋರ್ಸ್ ಸಂಕೇತದ ಚುಕ್ಕಿ ಗೆರೆಗಳಿಗೆ ಅಷ್ಟು ಸಾಕು. ಬಡಿತ ಎಷ್ಟು ಜೋರೋ ಅಷ್ಟು ದೂರ ಮುಟ್ಟುತ್ತದೆ ಎಂಬುದು ಅಂದಿನ ನಂಬಿಕೆ.

ಫೆಸೆಂಡೆನ್ ಯೋಚಿಸಿದ್ದು ಬೇರೆ ರೀತಿಯಲ್ಲಿ. ಅಲೆ ತಂಬೂರಿಯ ಶ್ರುತಿಯಂತೆ ಒಂದೇ ಆವೃತ್ತಿಯಲ್ಲಿ, ಒಂದೇ ಬಲದಲ್ಲಿ, ಎಡೆಬಿಡದೆ ಹರಿಯಬೇಕು. ಆ ಶ್ರುತಿಯ ಬಲವನ್ನು ಮಾತಿನ ಏರಿಳಿತಕ್ಕೆ ತಕ್ಕಂತೆ ಹೆಚ್ಚು ಕಡಿಮೆ ಮಾಡಿದರೆ ಮಾತೇ ಅಲೆಯ ಮೇಲೆ ಸವಾರಿ ಮಾಡುತ್ತದೆ. ಅಲ್ಲದೆ ಕಿಡಿಯ ಬಡಿತ ಅಕ್ಕಪಕ್ಕದ ಆವೃತ್ತಿಗಳಿಗೆಲ್ಲ ಹರಡಿ ಇತರರ ಸಂಕೇತಗಳನ್ನು ಕೆಡಿಸುತ್ತದೆ. ಅಖಂಡ ಅಲೆ ತನ್ನ ಕಿರಿದಾದ ಜಾಗದಲ್ಲಿ ಅಡಗಿಕೊಂಡಿರುತ್ತದೆ. ಒಂದೇ ಆಕಾಶವನ್ನು ಸಾವಿರಾರು ಮಂದಿ ಹಂಚಿಕೊಳ್ಳಬೇಕಾದರೆ ಇದೊಂದೇ ಮಾರ್ಗ.

ಆದರೆ ಅಖಂಡ ಅಲೆಯಿಂದ ಮೋರ್ಸ್ ಸಂಕೇತ ಕಳುಹಿಸಿದರೆ ಒಂದು ತೊಡಕು. ಕ್ಷಣಕ್ಕೆ ಲಕ್ಷ ಬಾರಿ ಕಂಪಿಸುವ ಏಕರೂಪದ ಅಲೆ ಕಿವಿಗೆ ಕೇಳಿಸುವುದೇ ಇಲ್ಲ. ಇದಕ್ಕೆ 1901ರ ಹೊತ್ತಿಗೆ ಫೆಸೆಂಡೆನ್ ಕಂಡುಕೊಂಡ ಉಪಾಯವೇ ಹೆಟೆರೊಡೈನ್. ತಂಬೂರಿಯ ಎರಡು ತಂತಿಗಳು ಕೂದಲೆಳೆಯಷ್ಟು ಶ್ರುತಿ ತಪ್ಪಿದ್ದರೆ ಅವುಗಳ ನಡುವೆ ಓಂ ಓಂ ಎಂದು ತೂಗುವ ಮೂರನೆಯ ಮಿಡಿತವೊಂದು ಕೇಳಿಸುವುದನ್ನು ಸಂಗೀತ ಬಲ್ಲವರೆಲ್ಲ ಅರಿತಿದ್ದಾರೆ. ಅದೇ ರೀತಿ 1,00,000 ಹರ್ಟ್ಸ್‌ನ ಅಲೆಯೊಂದಿಗೆ ಗ್ರಾಹಕ ಯಂತ್ರದಲ್ಲಿಯೇ 1,01,000 ಹರ್ಟ್ಸ್‌ನ ಇನ್ನೊಂದನ್ನು ಬೆರೆಸಿದರೆ, ಅವುಗಳ ಅಂತರವಾದ 1,000 ಹರ್ಟ್ಸ್‌ನ ಇಂಪಾದ ಸ್ವರ ಕಿವಿಗೆ ಬೀಳುತ್ತದೆ. ಆಗ ಇದಕ್ಕೆ ಬೇಕಾದ ಸ್ಥಿರವಾದ ಸ್ಥಳೀಯ ಅಲೆಯನ್ನು ಸುಲಭವಾಗಿ ಹುಟ್ಟಿಸುವ ಸಾಧನ ಇರಲಿಲ್ಲವಾದ್ದರಿಂದ ಉಪಾಯ ಹತ್ತು ವರ್ಷಕ್ಕೂ ಹೆಚ್ಚು ಕಾಲ ಕಾಗದದ ಮೇಲೆಯೇ ಉಳಿಯಿತೆನ್ನಬಹುದು. ನಿರ್ವಾತ ಕೊಳವೆಗಳು ಬಂದ ಮೇಲೆ ಅದೇ ತತ್ತ್ವ ಲೋಕದ ರೇಡಿಯೊ ಗ್ರಾಹಕಗಳಿಗೆಲ್ಲ ಅಡಿಪಾಯವಾಯಿತು.

ಕಾಬ್ ದ್ವೀಪದ ಒಂದು ಮೈಲಿ

1900ರಲ್ಲಿ ಫೆಸೆಂಡೆನ್ ಅಧ್ಯಾಪನವನ್ನು ಬಿಟ್ಟು ಅಮೆರಿಕದ ಹವಾಮಾನ ಇಲಾಖೆಗೆ ಸೇರಿದ. ಕರಾವಳಿಯ ವೀಕ್ಷಣಾಲಯಗಳನ್ನು ತಂತಿಯಿಲ್ಲದೆ ಜೋಡಿಸಿ ಚಂಡಮಾರುತದ ಮುನ್ಸೂಚನೆಯನ್ನು ಬೇಗ ಮುಟ್ಟಿಸುವುದು ಇಲಾಖೆಯ ಉದ್ದೇಶ. ಮೇರಿಲ್ಯಾಂಡಿನ ಪೊಟೊಮ್ಯಾಕ್ ನದಿಯಲ್ಲಿರುವ ಕಾಬ್ ದ್ವೀಪದಲ್ಲಿ ಅವನು ಒಂದು ಮೈಲಿ ಅಂತರದಲ್ಲಿ 50 ಅಡಿ ಎತ್ತರದ ಎರಡು ಕಂಬಗಳನ್ನು ನೆಟ್ಟ. ಕಿಡಿಯನ್ನೇ ಕ್ಷಣಕ್ಕೆ ಸುಮಾರು 10,000 ಬಾರಿ ಹಾರಿಸಿದರೆ ಬಡಿತಗಳು ಒಂದಕ್ಕೊಂದು ಹತ್ತಿರವಾಗಿ ಅಖಂಡ ಅಲೆಯನ್ನು ಸ್ವಲ್ಪಮಟ್ಟಿಗೆ ಹೋಲಬಹುದೆಂದು ಎಣಿಸಿ ಆ ಯಂತ್ರಕ್ಕೆ ಇಂಗಾಲದ ಮೈಕ್ರೊಫೋನನ್ನು ಜೋಡಿಸಿದ. 1900ರ ಡಿಸೆಂಬರ್ 23ರಂದು ಆಚೆ ತುದಿಯಲ್ಲಿದ್ದ ಸಹಾಯಕ ಥೀಸೆನ್‌ನನ್ನು, ಅಲ್ಲಿ ಹಿಮ ಬೀಳುತ್ತಿದೆಯೇ ಎಂದು ವಿಚಾರಿಸಿದ. ಕರ್ಕಶ ಸದ್ದಿನ ನಡುವೆ ಮಾತು ಅರ್ಥವಾಯಿತು. ರೇಡಿಯೊ ಅಲೆಯ ಮೇಲೆ ಮನುಷ್ಯನ ಮಾತು ಸಾಗಿದ ಮೊದಲ ದಾಖಲೆ ಇದೆಂದು ಸಾಮಾನ್ಯವಾಗಿ ಒಪ್ಪಲಾಗಿದೆ.

ಮಾತು ಮುಟ್ಟಿತು, ಆದರೆ ಅದು ಕೇಳುವಂತಿರಲಿಲ್ಲ. ಕಿಡಿಯನ್ನು ಎಷ್ಟು ಬೇಗ ಹಾರಿಸಿದರೂ ಅದು ಶ್ರುತಿಯಾಗದು ಎಂಬ ಅವನ ನಿಲುವು ಈ ಯಶಸ್ಸಿನಿಂದಲೇ ಗಟ್ಟಿಯಾಯಿತು. ಗ್ರಾಹಕದ ಕಡೆಗೂ ಅವನೊಂದು ದೊಡ್ಡ ಸುಧಾರಣೆ ತಂದ. ಕೂದಲಿಗಿಂತ ಸೂಕ್ಷ್ಮವಾದ ಪ್ಲಾಟಿನಂ ತಂತಿಯ ತುದಿಯನ್ನು ಆಮ್ಲಕ್ಕೆ ತಾಗಿಸಿ ತಯಾರಿಸಿದ ಎಲೆಕ್ಟ್ರೊಲಿಟಿಕ್ ಡಿಟೆಕ್ಟರ್ ಅಂದಿನ ಸಾಧನಗಳಲ್ಲಿ ಅತ್ಯಂತ ಸೂಕ್ಷ್ಮವಾದುದಾಗಿತ್ತು. ಅದನ್ನು ಇತರರು ಅನುಮತಿಯಿಲ್ಲದೆ ಬಳಸಿದ್ದರಿಂದ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಬೇಕಾಯಿತು. ಲೀ ಡಿ ಫಾರೆಸ್ಟನ ಕಂಪನಿಯ ವಿರುದ್ಧದ ಮೊಕದ್ದಮೆಯಲ್ಲಿ ಅವನಿಗೆ ಜಯವಾಯಿತು.

ಹವಾಮಾನ ಇಲಾಖೆಯೊಂದಿಗಿನ ಸಂಬಂಧ ಬಹುಕಾಲ ಬಾಳಲಿಲ್ಲ. ಆವಿಷ್ಕಾರಗಳ ಹಕ್ಕು ತನ್ನದೇ ಎಂಬ ಒಪ್ಪಂದದ ಮೇಲೆ ಅವನು ಸೇರಿದ್ದ. ಪೇಟೆಂಟುಗಳಲ್ಲಿ ತನಗೂ ಪಾಲು ಬೇಕೆಂದು ಇಲಾಖೆಯ ಮುಖ್ಯಸ್ಥ ಒತ್ತಾಯಿಸಿದನೆಂಬುದು ಫೆಸೆಂಡೆನ್ನನ ಆಪಾದನೆ. ಅವನು ಅಧ್ಯಕ್ಷ ರೂಸ್‌ವೆಲ್ಟನವರೆಗೂ ದೂರು ಒಯ್ದು, 1902ರಲ್ಲಿ ಕೆಲಸ ಬಿಟ್ಟ.

ಬ್ರಾಂಟ್ ರಾಕ್‌ನ ಗೋಪುರ

ಅದೇ ವರ್ಷ ಪಿಟ್ಸ್‌ಬರ್ಗಿನ ಇಬ್ಬರು ಧನಿಕರು, ಥಾಮಸ್ ಗಿವೆನ್ ಮತ್ತು ಹೇ ವಾಕರ್, ಬಂಡವಾಳ ಹೂಡಿ ನ್ಯಾಷನಲ್ ಎಲೆಕ್ಟ್ರಿಕ್ ಸಿಗ್ನಲಿಂಗ್ ಕಂಪನಿಯನ್ನು ಕಟ್ಟಿದರು. ಅಟ್ಲಾಂಟಿಕ್ ಸಾಗರದಾಚೆಗೆ ನಿಸ್ತಂತು ಸೇವೆ ನಡೆಸುವುದು ಗುರಿ. ಮ್ಯಾಸಚೂಸೆಟ್ಸ್‌ನ ಬ್ರಾಂಟ್ ರಾಕ್‌ನಲ್ಲಿ ಒಂದು, ಸ್ಕಾಟ್‌ಲ್ಯಾಂಡಿನ ಮಾಕ್ರಿಹಾನಿಷ್‌ನಲ್ಲಿ ಇನ್ನೊಂದು, ಹೀಗೆ 420 ಅಡಿ, ಅಂದರೆ 128 ಮೀಟರ್ ಎತ್ತರದ ಎರಡು ಆಂಟೆನಾ ಗೋಪುರಗಳು ಎದ್ದವು.

ಈ ಗೋಪುರಗಳ ರಚನೆಯನ್ನು ಅರ್ಥಮಾಡಿಕೊಂಡರೆ ಇಂದಿನ ಹ್ಯಾಮ್‌ನ ಹಿತ್ತಲಿನ ಆಂಟೆನಾವೂ ಅರ್ಥವಾಗುತ್ತದೆ. ಲಂಬವಾಗಿ ನಿಂತ ಆಂಟೆನಾ ಚೆನ್ನಾಗಿ ಕೆಲಸ ಮಾಡಲು ಅದರ ಎತ್ತರ ತರಂಗದೂರದ ಕಾಲುಭಾಗದಷ್ಟಿರಬೇಕು. 50 ಕಿಲೋಹರ್ಟ್ಸ್‌ನ ಅಲೆಗೆ ತರಂಗದೂರ 6 ಕಿಲೋಮೀಟರ್. ಅದರ ಕಾಲುಭಾಗ ಒಂದೂವರೆ ಕಿಲೋಮೀಟರ್. 128 ಮೀಟರಿನ ಗೋಪುರವೂ ಅದರ ಮುಂದೆ ಕುಬ್ಜ. ಆದ್ದರಿಂದ ಗೋಪುರದ ತುದಿಯಿಂದ ಕೊಡೆಯ ಕಡ್ಡಿಗಳಂತೆ ತಂತಿಗಳನ್ನು ಇಳಿಬಿಟ್ಟು ಮೇಲ್ತುದಿಯವರೆಗೂ ವಿದ್ಯುತ್ ಪ್ರವಾಹ ಬಲವಾಗಿ ಏರುವಂತೆ ಮಾಡಬೇಕು. ಬುಡವನ್ನು ನೆಲದಿಂದ ವಿದ್ಯುನ್ನಿರೋಧಕಗಳ ಮೂಲಕ ಬೇರ್ಪಡಿಸಬೇಕು. ದೊಡ್ಡ ತಂತಿಸುರುಳಿಯನ್ನು ಜೋಡಿಸಿ ಇಡೀ ರಚನೆಯನ್ನು ಬೇಕಾದ ಆವೃತ್ತಿಗೆ ಶ್ರುತಿಗೊಳಿಸಬೇಕು. ನೆಲದಲ್ಲಿ ಸೋರಿಹೋಗುವ ಶಕ್ತಿಯನ್ನು ಕಡಿಮೆ ಮಾಡಲು ಸುತ್ತಲೂ ತಂತಿಗಳನ್ನು ಹರಡಬೇಕು.

ಇಂದು 2,200 ಮೀಟರ್ ಪಟ್ಟಿಯಲ್ಲಿ ಕೆಲಸ ಮಾಡುವ ಹವ್ಯಾಸಿಗೆ 550 ಮೀಟರ್ ಎತ್ತರದ ಕಂಬ ಬೇಕಾಗುತ್ತಿತ್ತು. ಅವನ ಬಳಿ ಇರುವುದು ಹೆಚ್ಚೆಂದರೆ 15 ಮೀಟರ್. ಅಂಥ ಬರಿಯ ಕಂಬದ ವಿಕಿರಣ ರೋಧ ಸುಮಾರು 0.02 ಓಮ್; ತುದಿಯಲ್ಲಿ ತಂತಿಯ ಕೊಡೆ ಬಿಚ್ಚಿದರೆ ಹೆಚ್ಚೆಂದರೆ ಅದರ ನಾಲ್ಕು ಪಟ್ಟು. ನೆಲ ಮತ್ತು ಸುರುಳಿಗಳಲ್ಲಿ ನಷ್ಟವಾಗುವ ರೋಧ ಹಲವು ಹತ್ತು ಓಮ್‌ಗಳಷ್ಟು. ನಷ್ಟ 50 ಓಮ್ ಎಂದಿಟ್ಟುಕೊಂಡರೆ, 100 ವ್ಯಾಟ್ ಹರಿಸಿದಾಗ ಆಕಾಶಕ್ಕೆ ಹೋಗುವುದು ವ್ಯಾಟಿನ ಏಳನೆಯ ಒಂದು ಭಾಗ. ಮಿಕ್ಕದ್ದು ಮಣ್ಣನ್ನೂ ತಂತಿಯನ್ನೂ ಬಿಸಿಮಾಡುತ್ತದೆ. ಇದಕ್ಕೆ ಅವನು ಮಾಡುವ ಪರಿಹಾರಗಳು, ಅಂದರೆ ಕೊಡೆಯ ತಂತಿ, ಶ್ರುತಿಯ ಸುರುಳಿ, ನೆಲದ ತಂತಿಜಾಲ, ಬ್ರಾಂಟ್ ರಾಕ್‌ನ ಕಾಲದವೇ ಆಗಿವೆ.

1906ರ ಜನವರಿಯಲ್ಲಿ ಎರಡೂ ಗೋಪುರಗಳ ನಡುವೆ ಮೋರ್ಸ್ ಸಂದೇಶಗಳು ಎರಡೂ ದಿಕ್ಕಿನಲ್ಲಿ ವಿನಿಮಯವಾದವು. ಅಟ್ಲಾಂಟಿಕ್ ದಾಟಿದ ಮೊದಲ ಉಭಯಮುಖ ನಿಸ್ತಂತು ಸಂಪರ್ಕ ಇದೆಂದು ಗಣಿಸುತ್ತಾರೆ. ಇದಕ್ಕೆ ಬಳಸಿದ್ದು ಸುಧಾರಿತ ಕಿಡಿಯಂತ್ರವನ್ನೇ. ಸಂಕೇತಗಳು ಚಳಿಗಾಲದ ರಾತ್ರಿಗಳಲ್ಲಿ ಸ್ಪಷ್ಟವಾಗಿ ಬರುತ್ತಿದ್ದವು, ಹಗಲಿನಲ್ಲಿ ಮಾಯವಾಗುತ್ತಿದ್ದವು, ಬೇಸಗೆ ಬಂದಾಗ ಕೆಲಸವೇ ನಿಂತಿತು. ಗೆಳೆಯ ಕೆನೆಲಿ ಊಹಿಸಿದ್ದ ಪದರದ ಹಗಲಿರುಳ ಬದಲಾವಣೆಗಳು ಇಲ್ಲಿ ಪ್ರತಿದಿನವೂ ಅನುಭವಕ್ಕೆ ಬರುತ್ತಿದ್ದವು. ಅದೇ ವರ್ಷದ ಡಿಸೆಂಬರ್ 5ರಂದು ಬಿರುಗಾಳಿಗೆ ಸಿಕ್ಕಿ ಮಾಕ್ರಿಹಾನಿಷ್‌ನ ಗೋಪುರ ನೆಲಕ್ಕುರುಳಿತು. ಅದನ್ನು ಮತ್ತೆ ಕಟ್ಟಲಿಲ್ಲ.

ತಿರುಗುವ ಚಕ್ರದಿಂದ ಹುಟ್ಟಿದ ಅಲೆ

ಅಖಂಡ ಅಲೆಯನ್ನು ಹುಟ್ಟಿಸಲು ಫೆಸೆಂಡೆನ್ ಆರಿಸಿದ ಸಾಧನ ಸರಳವಾಗಿ ಹೇಳುವುದಾದರೆ ವಿದ್ಯುದಾಗಾರದ ಜನರೇಟರಿನ ಒಡಹುಟ್ಟು. ಮನೆಯ ವಿದ್ಯುತ್ತು ಕ್ಷಣಕ್ಕೆ 50 ಅಥವಾ 60 ಬಾರಿ ದಿಕ್ಕು ಬದಲಿಸುವ ಚಕ್ರವನ್ನು ಪೂರೈಸುತ್ತದೆ. ಅದೇ ಬಗೆಯ ಯಂತ್ರದಿಂದ ಕ್ಷಣಕ್ಕೆ ಲಕ್ಷ ಚಕ್ರ ಪಡೆಯಲು ಸಾಧ್ಯವೇ? ಅಂಚಿನಲ್ಲಿ 300 ಹಲ್ಲುಗಳಿರುವ ಚಕ್ರ ನಿಮಿಷಕ್ಕೆ 20,000 ಸುತ್ತು ತಿರುಗಿದರೆ ಲೆಕ್ಕ ಸರಿಹೋಗುತ್ತದೆ. ಲೆಕ್ಕ ಸುಲಭ, ಚಕ್ರ ಸಿಡಿಯದಂತೆ ತಿರುಗಿಸುವುದು ಕಷ್ಟ. ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿ ಮೊದಲು ಸ್ಟೈನ್‌ಮೆಟ್ಸ್, ಬಳಿಕ ಸ್ವೀಡನ್ ಮೂಲದ ಯುವ ಇಂಜಿನಿಯರ್ ಅರ್ನ್ಸ್ಟ್ ಅಲೆಕ್ಸಾಂಡರ್ಸನ್ ಈ ಹೊಣೆ ಹೊತ್ತರು. 1906ರ ಶರತ್ಕಾಲದಲ್ಲಿ ಬ್ರಾಂಟ್ ರಾಕ್ ತಲಪಿದ ಆಲ್ಟರ್ನೇಟರನ್ನು ಫೆಸೆಂಡೆನ್ ಇನ್ನಷ್ಟು ತಿದ್ದಿ ಕೆಲಸಕ್ಕೆ ಹಚ್ಚಿದ. ಇಂಗಾಲದ ಮೈಕ್ರೊಫೋನನ್ನು ನೇರವಾಗಿ ಆಂಟೆನಾದ ತಂತಿಯಲ್ಲಿಯೇ ಸೇರಿಸಿದ.

1906ರ ಡಿಸೆಂಬರ್ 21ರಂದು ಆಹ್ವಾನಿತ ತಜ್ಞರ ಸಮ್ಮುಖದಲ್ಲಿ ಬ್ರಾಂಟ್ ರಾಕ್‌ನಿಂದ ಸುಮಾರು 18 ಕಿಲೋಮೀಟರ್ ದೂರದ ಪ್ಲಿಮತ್‌ಗೆ ಮಾತು ಮತ್ತು ಸಂಗೀತ ಸಾಗಿದವು. ಈ ಪ್ರದರ್ಶನದ ವರದಿ ಮರುವರ್ಷದ ಆರಂಭದಲ್ಲಿ ವೃತ್ತಿಪತ್ರಿಕೆಯೊಂದರಲ್ಲಿ ಅಚ್ಚಾಯಿತು. 1907ರಲ್ಲಿ ಮಾತು ನ್ಯೂಯಾರ್ಕಿನ ಲಾಂಗ್ ಐಲ್ಯಾಂಡಿನವರೆಗೆ, ಸುಮಾರು 300 ಕಿಲೋಮೀಟರ್, ಮುಟ್ಟಿತು. ಈ ಮಾತಿನಲ್ಲಿ ಕಾಬ್ ದ್ವೀಪದ ಕರ್ಕಶವಿರಲಿಲ್ಲ. 1935ರಲ್ಲಿ ಮೈಸೂರಿನ ಮನೆಯೊಂದರಿಂದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ಆಕಾಶವಾಣಿಯನ್ನು ಆರಂಭಿಸಿದಾಗ ಅದರ ಯಂತ್ರ ಬೇರೆಯದಾಗಿತ್ತು. ಆದರೆ ದನಿಯನ್ನು ಹೊತ್ತದ್ದು ಅಖಂಡ ಅಲೆಯೇ.

ಕ್ರಿಸ್ಮಸ್ ಹಿಂದಿನ ಸಂಜೆ

ಫೆಸೆಂಡೆನ್ನನ ಹೆಸರಿಗೆ ಅಂಟಿಕೊಂಡಿರುವ ಕಥೆ ಇದಲ್ಲ, ಇದಾದ ಮೂರು ದಿನಗಳ ನಂತರದ್ದು. ಡಿಸೆಂಬರ್ 24ರ ಸಂಜೆ ಅವನು ಬ್ರಾಂಟ್ ರಾಕ್‌ನಿಂದ ಹ್ಯಾಂಡಲ್‌ನ ಸಂಗೀತದ ಧ್ವನಿಮುದ್ರಿಕೆ ನುಡಿಸಿ, ತಾನೇ ಪಿಟೀಲು ಬಾರಿಸಿ, ಬೈಬಲಿನ ವಾಕ್ಯ ಓದಿ, ಕಡಲಿನ ಹಡಗುಗಳ ಸಂಕೇತಗಾರರನ್ನು ಬೆರಗುಗೊಳಿಸಿದನೆಂದೂ ಅದೇ ಜಗತ್ತಿನ ಮೊದಲ ರೇಡಿಯೊ ಕಾರ್ಯಕ್ರಮವೆಂದೂ ಪುಸ್ತಕಗಳು ಹೇಳುತ್ತವೆ. ಇದಕ್ಕೆ ಆಧಾರ 1932ರ ಜನವರಿಯಲ್ಲಿ, ತನ್ನ ಮರಣಕ್ಕೆ ಆರು ತಿಂಗಳ ಮೊದಲು, ಹಳೆಯ ಸಹೋದ್ಯೋಗಿಯೊಬ್ಬನಿಗೆ ಅವನು ಬರೆದ ಪತ್ರ. ಅದನ್ನು ಹೆಲೆನ್ 1940ರಲ್ಲಿ ಪ್ರಕಟವಾದ ಜೀವನಚರಿತ್ರೆಯಲ್ಲಿ ಬಳಸಿದಳು. ಅಲ್ಲಿಂದ ಅದು ಎಲ್ಲೆಡೆ ಹರಡಿತು. ಆ ಸಂಜೆಯ ಬಗ್ಗೆ ಹಡಗುಗಳ ದಿನಚರಿಯಲ್ಲಾಗಲಿ ಅಂದಿನ ಪತ್ರಿಕೆಗಳಲ್ಲಾಗಲಿ ಸ್ವತಂತ್ರ ಸಾಕ್ಷ್ಯವನ್ನು ಹುಡುಕಿದ ಸಂಶೋಧಕರ ಕೈಗೆ ಏನೂ ಸಿಕ್ಕಿಲ್ಲ.

ವೈದ್ಯನಾದ ನನಗೆ ಈ ಸಮಸ್ಯೆ ಪರಿಚಿತವಾದುದು. 25 ವರ್ಷಗಳ ಹಿಂದಿನ ಘಟನೆಯನ್ನು ರೋಗಿ ನೆನಪಿನಿಂದ ಹೇಳಿದಾಗ ಅದನ್ನು ನಾವು ಸುಳ್ಳೆಂದು ತಳ್ಳುವುದಿಲ್ಲ, ಪರೀಕ್ಷಾ ವರದಿಯಂತೆ ನಂಬುವುದೂ ಇಲ್ಲ. ರೋಗಿಯ ಹೇಳಿಕೆ ಎಂದು ಬರೆದಿಟ್ಟುಕೊಳ್ಳುತ್ತೇವೆ. ದಿನಾಂಕಗಳು ಬೆರೆತಿರಬಹುದು, ಒಂದು ಪ್ರಯೋಗ ಇನ್ನೊಂದಾಗಿ ನೆನಪಿನಲ್ಲಿ ಉಳಿದಿರಬಹುದು, ಹೇಳಿದಂತೆಯೇ ನಡೆದಿರಲೂಬಹುದು. ಇಲ್ಲಿ ವಿಪರ್ಯಾಸವೆಂದರೆ, ಸಾಕ್ಷಿಗಳೂ ಅಚ್ಚಾದ ವರದಿಯೂ ಇರುವ ಡಿಸೆಂಬರ್ 21ರ ಪ್ರದರ್ಶನವನ್ನು ಮರೆತು, ಸಾಕ್ಷಿಯಿಲ್ಲದ ಡಿಸೆಂಬರ್ 24ರ ಸಂಜೆಗಾಗಿ ಅವನನ್ನು ಕೊಂಡಾಡುತ್ತಿರುವುದು. ಅವನ ಹಿರಿಮೆಗೆ ಕ್ರಿಸ್ಮಸ್ ಕಥೆಯ ಊರುಗೋಲು ಬೇಕಿಲ್ಲ.

ಮುರಿದ ಪಾಲುದಾರಿಕೆ

ಯಂತ್ರ ಗೆದ್ದರೂ ವ್ಯಾಪಾರ ಗೆಲ್ಲಲಿಲ್ಲ. ಬಂಡವಾಳಗಾರರಿಗೆ ಬೇಕಿದ್ದುದು ಪೇಟೆಂಟುಗಳನ್ನು ಮಾರಿ ಪಡೆಯಬಹುದಾದ ಲಾಭ. ಫೆಸೆಂಡೆನ್ನನಿಗೆ ಬೇಕಿದ್ದುದು ಇನ್ನೊಂದು ಪ್ರಯೋಗ. ಅವನ ಮಾತು ಖಾರವಾಗಿತ್ತು. ತನ್ನ ಲೆಕ್ಕವನ್ನು ಪ್ರಶ್ನಿಸಿದವರನ್ನು ಅವನು ಸಹಿಸುತ್ತಿರಲಿಲ್ಲ. ಕೆನಡದಲ್ಲಿ ಅಟ್ಲಾಂಟಿಕ್ ಸೇವೆಗಾಗಿ ಪ್ರತ್ಯೇಕ ಕಂಪನಿಯನ್ನು ಸ್ಥಾಪಿಸುವ ಅವನ ಯತ್ನ ಬಿರುಕನ್ನು ಹಿಗ್ಗಿಸಿತು. 1911ರ ಜನವರಿಯಲ್ಲಿ ಕಂಪನಿ ಅವನನ್ನು ವಜಾ ಮಾಡಿತು. ಅವನು ಮೊಕದ್ದಮೆ ಹೂಡಿ ಕೆಳ ನ್ಯಾಯಾಲಯದಲ್ಲಿ 4 ಲಕ್ಷ ಡಾಲರಿಗೂ ಮಿಕ್ಕಿದ ಪರಿಹಾರ ಗೆದ್ದ. ಮೇಲ್ಮನವಿಯಲ್ಲಿ ಆ ತೀರ್ಪು ಬಿದ್ದುಹೋಯಿತು. ಕಂಪನಿ 1912ರಲ್ಲಿ ದಿವಾಳಿಯಂಚಿಗೆ ಬಂದು ಮೇಲ್ವಿಚಾರಕರ ಕೈಗೆ ಹೋಯಿತು. ಪೇಟೆಂಟುಗಳು ಕೈಯಿಂದ ಕೈಗೆ ದಾಟಿ ಕೊನೆಗೆ ರೇಡಿಯೊ ಕಾರ್ಪೊರೇಷನ್ ಆಫ್ ಅಮೆರಿಕದ ವಶವಾದವು. ಮನೆಮನೆಯಲ್ಲೂ ರೇಡಿಯೊ ನುಡಿಯತೊಡಗಿದ ವರ್ಷಗಳಲ್ಲಿ ಅದರ ತತ್ತ್ವವನ್ನು ಕಂಡವನು ನ್ಯಾಯಾಲಯಗಳಲ್ಲಿ ಅಲೆಯುತ್ತಿದ್ದ. 1928ರಲ್ಲಿ ರಾಜಿಯಾಗಿ 5 ಲಕ್ಷ ಡಾಲರ್ ದೊರೆಯಿತು. ಅದರಲ್ಲಿ 2 ಲಕ್ಷ ವಕೀಲರ ಪಾಲಾಯಿತು.

ಕಡಲಿನ ಪ್ರತಿಧ್ವನಿ

ಕೆಲಸ ಕಳೆದುಕೊಂಡ ಫೆಸೆಂಡೆನ್ 1912ರ ಬಳಿಕ ಬಾಸ್ಟನ್ನಿನ ಸಬ್‌ಮರೀನ್ ಸಿಗ್ನಲ್ ಕಂಪನಿಗೆ ಸಲಹೆಗಾರನಾದ. ಟೈಟಾನಿಕ್ ಮುಳುಗಿ ಹೆಚ್ಚು ದಿನಗಳಾಗಿರಲಿಲ್ಲ. ನೀರಿನಲ್ಲಿ ಧ್ವನಿಯನ್ನು ಬಲವಾಗಿ ಹೊರಡಿಸುವ, ಮರಳಿ ಬಂದ ಧ್ವನಿಯನ್ನು ಕೇಳುವ ವಿದ್ಯುತ್ ಕಂಪಕವೊಂದನ್ನು ಅವನು ರಚಿಸಿದ. 1914ರ ಏಪ್ರಿಲ್ 27ರಂದು ನ್ಯೂಫೌಂಡ್‌ಲ್ಯಾಂಡಿನ ಬಳಿಯ ಗ್ರ್ಯಾಂಡ್ ಬ್ಯಾಂಕ್ಸ್‌ನಲ್ಲಿ ಮಯಾಮಿ ಎಂಬ ಸರ್ಕಾರಿ ಹಡಗಿನಿಂದ ನಡೆದ ಪರೀಕ್ಷೆಯಲ್ಲಿ ಸುಮಾರು 3 ಕಿಲೋಮೀಟರ್ ದೂರದ ಹಿಮಗಡ್ಡೆಯ ಪ್ರತಿಧ್ವನಿ ಕೇಳಿಬಂತು. ಕಡಲತಳದ ಪ್ರತಿಧ್ವನಿಯೂ ಬಂತು. ನೀರಿನಲ್ಲಿ ಧ್ವನಿ ಕ್ಷಣಕ್ಕೆ ಸುಮಾರು 1,500 ಮೀಟರ್ ಚಲಿಸುವುದರಿಂದ, ಸದ್ದು ಹೋಗಿಬರಲು ತಗಲಿದ ನಾಲ್ಕು ಸೆಕೆಂಡುಗಳೇ ದೂರವನ್ನು ಹೇಳುತ್ತವೆ. ಇದರಿಂದ ಮುಂದೆ ಕಡಲಿನ ಆಳ ಅಳೆಯುವ ಫ್ಯಾದೊಮೀಟರ್ ರೂಪುಗೊಂಡಿತು. ಬಸಿರಿನ ಕೂಸನ್ನೂ ಹೃದಯದ ಕವಾಟವನ್ನೂ ತೋರಿಸುವ ಅಲ್ಟ್ರಾಸೌಂಡ್ ಯಂತ್ರದಲ್ಲಿ ಆವೃತ್ತಿ ಲಕ್ಷಾಂತರ ಹರ್ಟ್ಸ್‌ಗಳಷ್ಟು ಹೆಚ್ಚು, ಅಂತರ ಅಂಗುಲಗಳಷ್ಟು ಕಡಿಮೆ. ಲೆಕ್ಕ ಮಾತ್ರ ಅದೇ.

ಕೊನೆಯ ವರ್ಷಗಳು

ಇನ್ನೂರಕ್ಕೂ ಹೆಚ್ಚು ಅಮೆರಿಕನ್ ಪೇಟೆಂಟುಗಳು ಅವನ ಹೆಸರಿನಲ್ಲಿದ್ದವು. ರೇಡಿಯೊ ಇಂಜಿನಿಯರುಗಳ ಸಂಸ್ಥೆ 1921ರಲ್ಲಿ ತನ್ನ ಗೌರವ ಪದಕವನ್ನೂ, ಸೈಂಟಿಫಿಕ್ ಅಮೆರಿಕನ್ ಪತ್ರಿಕೆ 1929ರಲ್ಲಿ ಕಡಲಯಾನದ ಸುರಕ್ಷತೆಗಾಗಿ ಚಿನ್ನದ ಪದಕವನ್ನೂ ನೀಡಿದವು. ರಾಜಿಯ ಹಣದಿಂದ ಅವನು ಬರ್ಮುಡಾದ ಫ್ಲಾಟ್ಸ್ ಎಂಬ ಹಳ್ಳಿಯಲ್ಲಿ ಮನೆ ಕೊಂಡು, ತಾನು ಯೌವನದಲ್ಲಿ ಪಾಠ ಹೇಳಿದ ದ್ವೀಪಕ್ಕೆ ಹೆಂಡತಿಯೊಂದಿಗೆ ಮರಳಿದ. ಪ್ರಾಚೀನ ನಾಗರಿಕತೆಗಳ ಮೂಲವನ್ನು ಕುರಿತ ತನ್ನ ಅಧ್ಯಯನವನ್ನು ಅಲ್ಲಿ ಮುಂದುವರಿಸಿದ. ಅಧಿಕ ರಕ್ತದೊತ್ತಡ ಅವನನ್ನು ಹಿಂಡಿತ್ತು. ಅಂದು ಅದಕ್ಕೆ ವಿಶ್ರಾಂತಿ ಮತ್ತು ಹವೆ ಬದಲಾವಣೆಯ ಹೊರತು ವೈದ್ಯರ ಬಳಿ ಹೆಚ್ಚೇನೂ ಇರಲಿಲ್ಲ. ಪರಿಣಾಮಕಾರಿಯಾದ ಗುಳಿಗೆಗಳು ಬಂದದ್ದು 1950ರ ದಶಕದಲ್ಲಿ. 1932ರ ಜುಲೈ 22ರಂದು ಹೃದಯಾಘಾತದಿಂದ ಅವನು ತೀರಿಕೊಂಡ. ಸಮಾಧಿ ಬರ್ಮುಡಾದ ಸೇಂಟ್ ಮಾರ್ಕ್ಸ್ ಚರ್ಚಿನ ಆವರಣದಲ್ಲಿದೆ.

ಉಳಿದುಕೊಂಡದ್ದು

ಬ್ರಾಂಟ್ ರಾಕ್‌ನ ಗೋಪುರ ಈಗಿಲ್ಲ. ಅದನ್ನು ಹೊತ್ತಿದ್ದ ಕಾಂಕ್ರೀಟಿನ ಬುಡ ಇಂದಿಗೂ ಅಲ್ಲಿದೆ. ಫೆಸೆಂಡೆನ್ ಹಟ ಹಿಡಿದು ಮಾಡಿಸಿದ ಆಲ್ಟರ್ನೇಟರನ್ನು ಅಲೆಕ್ಸಾಂಡರ್ಸನ್ ಬೆಳೆಸಿ 200 ಕಿಲೋವ್ಯಾಟಿನ ದೈತ್ಯವಾಗಿಸಿದ. ಅಂಥದೊಂದು ಯಂತ್ರ ಸ್ವೀಡನ್ನಿನ ಗ್ರಿಮೆಟಾನ್‌ನಲ್ಲಿ 1920ರ ದಶಕದಿಂದಲೂ ಉಳಿದುಬಂದಿದೆ. 2004ರಲ್ಲಿ ಆ ನಿಲ್ದಾಣ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಬೇಸಗೆಯ ಅಲೆಕ್ಸಾಂಡರ್ಸನ್ ದಿನದಂದೂ ಕ್ರಿಸ್ಮಸ್ ಹಿಂದಿನ ದಿನವೂ ಅದನ್ನು ತಿರುಗಿಸಿ 17.2 ಕಿಲೋಹರ್ಟ್ಸ್‌ನಲ್ಲಿ ಮೋರ್ಸ್ ಸಂದೇಶ ಕಳುಹಿಸುವ ಪದ್ಧತಿಯಿದೆ. ಈ ಆವೃತ್ತಿ ಎಷ್ಟು ಕೆಳಗಿನದೆಂದರೆ ಕಂಪ್ಯೂಟರಿನ ಸೌಂಡ್ ಕಾರ್ಡೇ ಅದನ್ನು ಗ್ರಹಿಸಬಲ್ಲದು. ಮರದ ಚೌಕಟ್ಟಿಗೆ ತೆಳ್ಳನೆಯ ತಾಮ್ರದ ತಂತಿಯನ್ನು ಹಲವು ಸುತ್ತು ಸುತ್ತಿ ಮೈಕ್ರೊಫೋನಿನ ಕಿಂಡಿಗೆ ಜೋಡಿಸಿ, ಮನೆಯ ವಿದ್ಯುತ್ ಉಪಕರಣಗಳ ಗದ್ದಲದಿಂದ ದೂರ ಕುಳಿತರೆ, ಯುರೋಪಿನಲ್ಲಿರುವ ಹವ್ಯಾಸಿಗಳಿಗೆ ಅದು ಕೇಳಿಸುತ್ತದೆ. ತಂತ್ರಾಂಶ ಅಲ್ಲಿ ಮಾಡುವ ಕೆಲಸ ಫೆಸೆಂಡೆನ್ನನ ಹೆಟೆರೊಡೈನ್. ಬಂದ ಅಲೆಗೆ ಇನ್ನೊಂದನ್ನು ಬೆರೆಸಿ ಅಂತರದ ಸ್ವರವನ್ನು ಕೇಳಿಸುವುದು.

136 ಕಿಲೋಹರ್ಟ್ಸ್‌ನ ಪಟ್ಟಿಯನ್ನು 2007ರ ಅಂತರರಾಷ್ಟ್ರೀಯ ಸಮ್ಮೇಳನ ಹವ್ಯಾಸಿಗಳಿಗೆ ಹಂಚಿತು. 472ರಿಂದ 479 ಕಿಲೋಹರ್ಟ್ಸ್‌ನದನ್ನು 2012ರ ಸಮ್ಮೇಳನ ಕೊಟ್ಟಿತು. ಅಮೆರಿಕದಲ್ಲಿ ಎರಡೂ 2017ರಲ್ಲಿ ತೆರೆದುಕೊಂಡವು. ಇಲ್ಲಿ ಹ್ಯಾಮ್‌ಗಳು ಒಂದೊಂದು ಚುಕ್ಕಿಗೆ ಹಲವು ಸೆಕೆಂಡು ತೆಗೆದುಕೊಳ್ಳುವ ನಿಧಾನ ಮೋರ್ಸ್‌ನಲ್ಲಿ, ಒಂದು ವ್ಯಾಟಿನ ಆಸುಪಾಸಿನ ಶಕ್ತಿಯಲ್ಲಿ ಸಂಕೇತ ಕಳುಹಿಸುತ್ತಾರೆ. ಬಡಿತದ ಬಲದಿಂದ ದೂರ ಮುಟ್ಟಬೇಕಾಗಿದ್ದರೆ ಇದು ಅಸಾಧ್ಯ. ಅಲೆ ಅಖಂಡವಾಗಿಯೂ ಸ್ಥಿರವಾಗಿಯೂ ಇರುವುದರಿಂದ, ಆಲಿಸುವವನು ತಾಳ್ಮೆಯಿಂದ ಆ ಒಂದು ಸ್ವರಕ್ಕಷ್ಟೇ ಕಿವಿಗೊಡುವುದರಿಂದ ಸಾಧ್ಯವಾಗುತ್ತದೆ. ತಾಳ್ಮೆ ಫೆಸೆಂಡೆನ್ನನ ಗುಣವಾಗಿರಲಿಲ್ಲ. ಆದರೆ ತಾಳ್ಮೆಗೆ ಫಲ ಸಿಗುವಂಥ ರೇಡಿಯೊವನ್ನು ಅವನು ನಮಗೆ ಬಿಟ್ಟುಹೋದ.